ದಾಕ್ಷಿಯ ನಿದ್ದೆ

೧೯೭೫, ಫೆಬ್ರವರಿ ೨೪, ಸೋಮವಾರ. ಬೆಳಗ್ಗೆ

ನೆನ್ನೆ ರಾತ್ರಿಯೂ ದಾಕ್ಷಿಯನ್ನು ಕೂಗಿ ಕೂಗಿ ಎಬ್ಬಿಸಬೇಕಾಯಿತು. ಕೂತಲ್ಲೇ ತೂಗುತ್ತಾಳೆ. ಬೇಸಿನ್ನಿಗೆ ತಣ್ಣೀರು ತುಂಬಿಸಿ, ಕಾಲು ಅದ್ದಿಕೊಂಡು ಓದು ಅಂದೆ. ಕೂತಳು. ಪಾಪ ಅನ್ನಿಸಿತು. ಪಾಪ ಅಂತ ಬಿಟ್ಟರೆ ಆಗುತ್ತದೆಯೇ, ಏಪ್ರಿಲ್ ಪರೀಕ್ಷೆ ಬಂದೇ ಬಿಟ್ಟಿತು.

ನಮ್ಮ ಮನೆಯಲ್ಲಿ ಓದುವುದೆಂದರೆ ಬಾಯಿ ಬಿಟ್ಟು ಓದುವುದು. ಕಣ್ಣಲ್ಲೇ ಓದಿದರೆ ಓದಿದಳೆಂದು ಯಾರಿಗೆ ಗೊತ್ತು? ಅಪ್ಪನ ಕಟ್ಟಳೆ ಇದು. ಮಿಲ್ಲಿನ ನೈಟ್ ಶಿಫ್ಟಿಗೆ ಹೊರಡುವಾಗ ದಿನಾ ಒಂದೇ ಮಾತು— "ನೀಲಾ, ತಂಗಿ ಕಡೆ ಕಿವಿ ಇರ್ಲಿ." ಹೊಲಿಗೆ ಮಿಷನ್ ತುಳಿಯುತ್ತಾ ಕಿವಿ ಅತ್ತಲೇ ಇಟ್ಟಿರುತ್ತೇನೆ. ದನಿ ನಿಂತರೆ "ದಾಕ್ಷೀ!" "ಹೂಂ ಅಕ್ಕ." ಮತ್ತೆ ಶುರು.

ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಆದರೆ ಟೀಚರ್ ಟ್ರೈನಿಂಗಿಗೆ ಸೇರಿಸುತ್ತಾರಂತೆ ಅಪ್ಪ. ಇಲ್ಲದಿದ್ದರೆ ನನ್ನ ಪಕ್ಕದಲ್ಲಿ ಇನ್ನೊಂದು ಮಿಷನ್. ಅಮ್ಮ ಹೋದಾಗ ನಾನು ಏಳನೇ ಕ್ಲಾಸು, ಅರ್ಧಕ್ಕೇ ಬಿಟ್ಟೆ. ದಾಕ್ಷಿಗೆ ಹಾಗಾಗಬಾರದು. ಇದೊಂದೇ ಯೋಚನೆ. ಪರೀಕ್ಷೆ ನನಗೇ ಅನ್ನುವ ಹಾಗಿದೆ.

ಮಾರ್ಚ್ ೧, ಶನಿವಾರ

ನಲ್ಲಿಯ ಹತ್ತಿರ ಕಮಲಾಕ್ಷಮ್ಮನವರು ಹಿಡಿದುಕೊಂಡರು. ನಮ್ಮ ವಠಾರದ ಕೊನೆ ಮನೆಯವರು, ಮಿಡ್ಲ್ ಸ್ಕೂಲಿನಲ್ಲಿ ಮೇಡಂ.

"ಏನೇ ನೀಲಮ್ಮ, ನಿನ್ ತಂಗಿ ಓದ್ತಾಳೋ, ಇಲ್ಲ ವಿಜಯನಗರಕ್ಕೆಲ್ಲ ರಾತ್ರಿಯೆಲ್ಲ ಕಾವಲು ಕಾಯ್ತಾಳೋ? ಹತ್ತಕ್ಕೆ ಮಲಗ್ಸೇ."

"ಹಿಸ್ಟರಿ ಇನ್ನೂ ಮುಗ್ದಿಲ್ಲ ಮೇಡಂ."

"ಮುಗಿಯೋದೂ ಇಲ್ಲ. ಮಲಗಿದ್ರೇನೇ ಓದಿದ್ದು ತಲೇಲಿ ಕೂರೋದು ಕಣೇ. ನಿದ್ದೆಗೆಟ್ಟು ಬರೋ ಮಕ್ಕಳನ್ನ ಎಷ್ಟು ನೋಡಿಲ್ಲ ನಾನು? ಗೊತ್ತಿರೋದನ್ನೂ ಮರ್ತು ಕೂತಿರ್ತಾವೆ."

ನಕ್ಕು ಬಂದೆ. ಅವರ ಮಗ ಒಂಬತ್ತಕ್ಕೇ ಮಲಗುತ್ತಿದ್ದ, ಪಾಸೂ ಆದ, ನಿಜ. ಅವನು ಮೇಡಂ ಮಗ. ನಮ್ಮಂಥವರು ಮಲಗಿದರೆ ಪಾಸು ಮಾಡುವವರು ಯಾರು?

ಇವತ್ತಿನಿಂದ ರಾತ್ರಿ ದಾಕ್ಷಿಗೆ ಡಿಕಾಕ್ಷನ್. ಹಾಲಿಲ್ಲದೆ.

ಮಾರ್ಚ್ ೧೩, ಗುರುವಾರ

ಅಕ್ಷರವೆಲ್ಲ ಸೊಟ್ಟ.

ಬೆಳಗ್ಗೆ ಹಾಲಿನವನು ಬರುವ ಹೊತ್ತಿಗೆ ಕಮಲಾಕ್ಷಮ್ಮನವರು ರವಿಕೆ ತಗೊಂಡು ಹೋಗಲು ಬಂದರು. ದಾಕ್ಷಿ ಒಳಗೆ ಇಂಗ್ಲಿಷ್ ಓದುತ್ತಿದ್ದಳು. ನನಗೆಲ್ಲಿ ಇಂಗ್ಲಿಷ್... ದನಿ ಬರುತ್ತಿದೆಯಾ ಇಲ್ಲವಾ, ಕೇಳುವುದು ಅಷ್ಟೇ. ಅವರು ಬಾಗಿಲಲ್ಲೇ ನಿಂತರು. ನಿಂತೇ ಇದ್ದರು.

"ಯಾವಾಗಿಂದ ಓದ್ತಿದಾಳೆ?"

"ರಾತ್ರಿಯಿಂದ ಮೇಡಂ. ನಿಲ್ಸೇ ಇಲ್ಲ." ಹೆಮ್ಮೆಯಿಂದಲೇ ಅಂದೆ.

"ಅದೇ ಎರಡು ಸಾಲು ಕಣೇ. ನಾನು ಬಂದಾಗಿಂದ ಅದೇ ಎರಡು ಸಾಲು."

ಒಳಗೆ ಹೋದೆವು. ಪುಸ್ತಕ ನೆಲದ ಮೇಲೆ ಬಿದ್ದಿತ್ತು. ಕಣ್ಣು ಅರೆ ತೆರೆದಿದ್ದವು, ನೋಡುತ್ತಿರಲಿಲ್ಲ. ಬಾಯಿ ಮಾತ್ರ ನಡೆಯುತ್ತಿತ್ತು. ನೀರಿನಲ್ಲಿ ಕಾಲ್ಬೆರಳು ಬಿಳುಚಿ ಸುಕ್ಕುಗಟ್ಟಿದ್ದವು. ಅಲ್ಲಾಡಿಸಿದೆ.

"ಹೂಂ ಅಕ್ಕ. ಓದ್ತಿದೀನಿ."

ಎಷ್ಟು ರಾತ್ರಿ ಹೀಗೆ ನಡೆದಿದೆಯೋ. ನೆಮ್ಮದಿಯಾಗಿ ಹೊಲಿಯುತ್ತಾ ನಾನು ಕೇಳಿಸಿಕೊಳ್ಳುತ್ತಿದ್ದುದು ಅವಳ ನಿದ್ದೆಯನ್ನೋ...

ಮಾರ್ಚ್ ೧೫, ಶನಿವಾರ

ಅಪ್ಪನಿಗೆ ಹೇಳಿದೆ. ರೇಗಿದರು. "ಪರೀಕ್ಷೆ ಹತ್ರ ಬಂದಾಗ ಜೋಗುಳ ಹಾಡ್ತೀಯೇನೇ? ಅವ್ಳೇನು ಹಸುಗೂಸಾ?" ಅಪ್ಪ ಹೋದ ಮೇಲೆ ದೀಪ ಆರಿಸಿ ಮಲಗಿಸಿದೆ.

ಮಲಗಲು ಆಗುವುದಿಲ್ಲ ಅವಳಿಗೆ. ಸೂರು ನೋಡುತ್ತಾಳೆ. ತುಟಿ ಅಲ್ಲಾಡುತ್ತದೆ.

"ಸಾಕು ಮಲಗೇ."

"ನಿಲ್ಸಿದ್ರೆ ಕೂಗ್ತೀಯಲ್ಲ."

"ಕೂಗಲ್ಲ ಕಣೇ."

"ಈಗ್ಲೂ ಕೂಗ್ದೆ. ಕೇಳಿಸ್ತು ನಂಗೆ."

ನಾನು ಕೂಗಿರಲಿಲ್ಲ. ದೇವರಾಣೆ ಕೂಗಿರಲಿಲ್ಲ.

ಏಪ್ರಿಲ್ ೪, ಶುಕ್ರವಾರ. ಸಂಜೆ

ಬರೆಯಲು ಮನಸ್ಸೇ ಬರಲಿಲ್ಲ ಇಷ್ಟು ದಿನ. ಅವಳ ನಿದ್ದೆ ತಿರುಗಿ ಬರಲಿಲ್ಲ. ಹಾಲು ಕೊಟ್ಟೆ, ತಲೆಗೆ ಎಣ್ಣೆ ಒತ್ತಿದೆ, ಮಿಷನ್ ಮುಟ್ಟದೆ ಪಕ್ಕದಲ್ಲೇ ಮಲಗಿದೆ. ಒಂದು ಗಳಿಗೆ ಕಣ್ಣು ಮುಚ್ಚಿದರೆ ಬೆಚ್ಚಿ ಏಳುತ್ತಾಳೆ.

ಇವತ್ತು ಇಂಗ್ಲಿಷ್ ಪೇಪರ್. ರಾಜಾಜಿನಗರದ ಸೆಂಟರಿನಿಂದ ಜೊತೆಯ ಹುಡುಗಿ ಸತ್ಯವತಿ ಕೈ ಹಿಡಿದು ಕರೆತಂದಳು. ಅವಳೇ ಹೇಳಿದ್ದು—

"ಪರೀಕ್ಷೆ ಹಾಲ್‌ನಲ್ಲೇ ನಿದ್ದೆ ಹೋಗ್ಬಿಟ್ಳು ಅಕ್ಕ. ಸಾರ್ ಬಂದು ಭುಜ ಮುಟ್ಟಿದ್ರು. 'ಹೂಂ ಅಕ್ಕ' ಅಂದ್ಬಿಟ್ಟು ಜೋರಾಗಿ ಓದೋಕೆ ಶುರು ಮಾಡಿದ್ಳು. ಎಲ್ರೂ ನಕ್ರು."

"ನೀನೂನಾ?"

"ಮೊದ್ಲು... ಆಮೇಲೆ ಇಲ್ಲ."

ಏನು ಬರೆದೆ ಅಂದರೆ ದಾಕ್ಷಿಗೆ ನೆನಪಿಲ್ಲ. ಪೂರ್ತಿ ಬರೆದೆಯಾ? ನೆನಪಿಲ್ಲ. ದಸರಾ ರಜೆಯಲ್ಲಿ ಪಾಠಕ್ಕೆ ಪಾಠವೇ ಪುಸ್ತಕ ಮುಚ್ಚಿ ಒಪ್ಪಿಸುತ್ತಿದ್ದ ಹುಡುಗಿ. ಆಗ ಉಂಡ ಕೂಡಲೇ ಮಲಗುತ್ತಿದ್ದಳು. ಯಾರೂ ಕೂಗುತ್ತಿರಲಿಲ್ಲ.

ಏಪ್ರಿಲ್ ೭, ಸೋಮವಾರ. ಬೆಳಗ್ಗೆ ಒಂಬತ್ತು

ಇವತ್ತು ಲೆಕ್ಕ. ಇದು ತಪ್ಪಿದರೆ ಎಲ್ಲಾ ತಪ್ಪಿದ ಹಾಗೆ.

ನೆನ್ನೆ ಊಟಕ್ಕೆ ಕೂತವಳು ತಟ್ಟೆಯ ಮುಂದೆಯೇ ಒರಗಿದಳು. ಎತ್ತಿಕೊಂಡು ಹಾಸಿಗೆಗೆ ಹಾಕಿದೆ. ಅಲ್ಲಿಂದ ಮಗ್ಗುಲು ಬದಲಿಸಿಲ್ಲ. ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ, ಹೆದರಿ. ಉಸಿರಿದೆ. ಬರೀ ನಿದ್ದೆ.

ಎಬ್ಬಿಸಬೇಕು. ಎದ್ದೆ, ಕೂತೆ, ಮತ್ತೆ ಎದ್ದೆ. ಕೈ ಭುಜದವರೆಗೆ ಹೋಗಿ ವಾಪಸ್ ಬಂತು. ಮುಟ್ಟಿದ ತಕ್ಷಣ 'ಹೂಂ ಅಕ್ಕ' ಅನ್ನುತ್ತಾಳೆ. ಅದನ್ನು ಕೇಳಲಾರೆ.

ಈಗ ಸತ್ಯವತಿ ಗೇಟಿನಿಂದ ಕೂಗಿದಳು, "ದಾಕ್ಷೀ, ಬಸ್ ಬರೋ ಹೊತ್ತಾಯ್ತು ಕಣೇ!" ಓಡಿಹೋಗಿ ಅವಳ ಬಾಯಿ ಮುಚ್ಚಿದೆ.

"ಬರಲ್ವಾ? ಲೆಕ್ಕ ಅಕ್ಕ ಇವತ್ತು!"

"ನೀನು ಹೋಗಮ್ಮ."

"ಫೇಲ್ ಮಾಡ್ತಾರೆ ಅಕ್ಕ!"

"ಗೊತ್ತು. ಹೋಗು, ನಿನ್ ಬಸ್ ತಪ್ಪತ್ತೆ."

ತಿರುಗಿ ತಿರುಗಿ ನೋಡುತ್ತಾ ಹೋದಳು. ದಾಕ್ಷಿಯ ಟ್ರೈನಿಂಗೂ ಅವಳ ಹಿಂದೆಯೇ ಹೋಯಿತು. ನಾನೇ ಕಳಿಸಿದೆ. ಎದ್ದ ಮೇಲೆ ದಾಕ್ಷಿ ಟೈಮ್ ಎಷ್ಟು ಅಂತ ಕೇಳುತ್ತಾಳೆ. ಏನನ್ನಲಿ? ಇನ್ನು ಜೀವಮಾನವಿಡೀ ಕೇಳುತ್ತಾಳೆ...

ಹೊರಗೆ ಸೈಕಲ್ ಸದ್ದು. ಅಪ್ಪ. ಚಿಲಕ ಹಾಕಿಕೊಂಡೆ.

"ನೀಲಾ! ಅವ್ಳು ಹೋದ್ಳೇನೇ?"

ಉತ್ತರ ಕೊಟ್ಟರೆ ಅವಳಿಗೆ ಎಚ್ಚರವಾಗುತ್ತದೆ. ಕೊಡದಿದ್ದರೆ ಬಾಗಿಲು ಬಡಿಯುತ್ತಾರೆ. ಈಗ ಬಡಿ—