ಕಾವಲಿನ ಹೆಂಗಸರಿಗೆ ಒಂದು ಸಾಲೂ ಇಲ್ಲ

ಅನ್ವಿತಾ,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆಯಲು ಹೋಗಿ ಕೈ ತಡೆದೆ. ಆ ಮಾತಿನ ಹಕ್ಕು ನನಗಿದೆಯೋ ಇಲ್ಲವೋ, ಪತ್ರ ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನಿಸು. ಅದಕ್ಕೂ ಮೊದಲು ನನಗೊಂದು ಉತ್ತರ ಬೇಕು. ಆ ಪುಸ್ತಕವನ್ನು ನನಗೆ ಯಾಕೆ ಕೊಟ್ಟೆ?

ಅಕ್ಟೋಬರಿನಲ್ಲಿ ಕ್ರೋಯ್ಡನ್ನಿನ ನಮ್ಮ ಫ್ಲಾಟಿಗೆ ಬಂದಿದ್ದೆಯಲ್ಲ, ಶೂ ಬಿಚ್ಚುವ ಮೊದಲೇ ಚೀಲದಿಂದ ತೆಗೆದು ಕೊಟ್ಟೆ. ಕಿಂಗ್ಸ್‌ಬರಿಯಲ್ಲಿ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಸಿಕ್ಕಿದ್ದಂತೆ. ವೇಲ್ಸ್ ನಾಡಿನ ಏಳೆಂಟು ನೂರು ವರ್ಷ ಹಳೆಯ ಕಥೆಗಳು. "ಎರಡು ವರ್ಷ ಆತು, ಒಂದು ಕವಿತಾನೂ ಬರದಿಲ್ಲ ನೀ. ಇದರಾಗ ಏನರ ಸಿಗತೈತಿ ನೋಡು," ಎಂದೆ. ಗೆಳತಿಯೊಬ್ಬಳು ನನ್ನ ಬರಹದ ಬಗ್ಗೆ ಇಷ್ಟು ಯೋಚಿಸಿದಳಲ್ಲ ಎಂದು ಹಿಗ್ಗಬೇಕಿತ್ತು. ಆದರೆ ನೀನು ಹೋದ ಮೇಲೆ ತೆರೆದು ನೋಡಿದರೆ ನಡುವೆ ನಿನ್ನ ಮಗಳು ಚಿನ್ಮಯಿಯ ನರ್ಸರಿಯವರ ಚೀಟಿ ಮಡಚಿ ಇಟ್ಟಿತ್ತು. ಇಟ್ಟವಳು ನೀನೇ, ಅನುಮಾನವಿಲ್ಲ. ಆ ಪುಟದಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಗೆರೆ ಎಳೆದವರು ಯಾರು ಎಂಬುದು ಮಾತ್ರ ಇವತ್ತಿಗೂ ತಿಳಿಯದು.

ಆ ಪುಟದ ಕಥೆ ನಿನಗೆ ಗೊತ್ತಿದೆ, ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಒಬ್ಬ ರಾಣಿ ಹೆರುತ್ತಾಳೆ. ತಾಯಿ ಮಗುವನ್ನು ಕಾಯಲು ಆರು ಜನ ಹೆಂಗಸರನ್ನು ಕೂರಿಸುತ್ತಾರೆ. ಆರೂ ಜನ ನಿದ್ದೆ ಹೋಗುತ್ತಾರೆ. ಎದ್ದು ನೋಡಿದರೆ ತೊಟ್ಟಿಲು ಖಾಲಿ. ತಮ್ಮ ತಲೆ ಹೋಗುತ್ತದೆಂಬ ಭಯಕ್ಕೆ ನಾಯಿಮರಿಗಳನ್ನು ಕೊಂದು, ಮಲಗಿದ್ದ ತಾಯಿಯ ಮುಖಕ್ಕೂ ಕೈಗೂ ರಕ್ತ ಬಳಿದು, ನೀನೇ ನಿನ್ನ ಮಗುವನ್ನು ಕೊಂದೆ ಎನ್ನುತ್ತಾರೆ. ರಾಣಿಗೆ ಶಿಕ್ಷೆಯಾಗುತ್ತದೆ. ಏಳು ವರ್ಷ ಕೋಟೆಯ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ತನ್ನ ಪಾಪವನ್ನು ತಾನೇ ಹೇಳಿಕೊಂಡು, ಅವರನ್ನು ಬೆನ್ನ ಮೇಲೆ ಹೊತ್ತು ಒಳಗೆ ಒಯ್ಯಬೇಕು.

ಓದಿದ ಮರುದಿನವೇ ಟ್ರಾಮಿನಲ್ಲಿ ಮೊದಲ ಸಾಲು ಬಂತು. ಎರಡು ವರ್ಷ ಬತ್ತಿಹೋಗಿದ್ದವಳಿಗೆ ಒಂಬತ್ತೇ ದಿನದಲ್ಲಿ ಇಡೀ ಕವಿತೆ. ಆಫೀಸಿಗೆ ಹೋಗುತ್ತಾ ಬರುತ್ತಾ, ಪಕ್ಕದವರ ಮೊಣಕೈಯಿಂದ ತಿವಿಸಿಕೊಂಡು ಫೋನಿನಲ್ಲಿ ಬರೆದೆ. ರಾಣಿಯ ಬಾಯಲ್ಲೇ ಬರೆದೆ. ಬಂದವರ ಭಾರ, ಅವರ ಬೂಟಿನ ಕೆಸರು, ಹೇಳಿ ಹೇಳಿ ತನ್ನ ಮಾತನ್ನು ತಾನೇ ನಂಬಲು ಶುರುಮಾಡಿದ ಆ ಹೆಂಗಸು, ಎಲ್ಲ ಸಲೀಸಾಗಿ ಬಂತು. ಯಾಕಷ್ಟು ಸಲೀಸು ಎಂದು ನಾನು ಕೇಳಿಕೊಳ್ಳಲಿಲ್ಲ. ಬೇರೆಯವರ ಮೇಲೆಲ್ಲ ಅನುಮಾನ ಪಡುವ ನನಗೆ ನನ್ನ ಮೇಲೆ ಒಂದಿಷ್ಟೂ ಬರಲಿಲ್ಲ ನೋಡು.

ಯುಗಾದಿಯ ಕವಿಗೋಷ್ಠಿಯಲ್ಲಿ ಓದಿದೆ. ಚಪ್ಪಾಳೆ ಬಿತ್ತು. ನಿರೂಪಣೆ ಮಾಡುತ್ತಿದ್ದ ಸತ್ಯಪ್ರಕಾಶ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೀನು ಮೂರನೇ ಸಾಲಿನಲ್ಲಿ ಕೂತಿದ್ದೆ, ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಪುಳಿಯೋಗರೆಯ ತಟ್ಟೆ ಹಿಡಿದು ಹತ್ತಿರ ಬಂದು ಒಂದೇ ಮಾತು ಕೇಳಿದೆ: "ಛಲೋ ಐತಿ. ಆದ್ರ ಆ ಕಾವಲಿನ ಹೆಣ್ಮಕ್ಕಳಿಗೆ ಒಂದು ಸಾಲೂ ಕೊಟ್ಟಿಲ್ಲಲ್ಲ ನೀ?"

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಅದು ಕವಿತೆ ಕೇಳಿದವಳ ಪ್ರಶ್ನೆಯೋ, ಬಲೆಯೋ? ಚೀಟಿ, ಗೆರೆ, ಈ ಪ್ರಶ್ನೆ, ಮೂರನ್ನೂ ಜೋಡಿಸಿ ನೋಡಿದೆ. ನನ್ನ ಮೆಸೇಜಿಗೆ ನೀನು ಬರೀ ಹೆಬ್ಬೆರಳಿನ ಚಿತ್ರ ಕಳಿಸಿದರೂ ಅದರಲ್ಲಿ ಅರ್ಥ ಹುಡುಕಿದೆ. ನೀನು ಕಳಿಸಿದ ಶೇಂಗಾ ಚಟ್ನಿಯ ಡಬ್ಬಿಯನ್ನು ವಾರಗಟ್ಟಲೆ ಮುಟ್ಟಲಿಲ್ಲ. ಇವಳಿಗೆ ಗೊತ್ತಾಗಿದೆ, ನನ್ನ ಬಾಯಿಂದಲೇ ಹೊರಡಲಿ ಎಂದು ಕಾಯುತ್ತಿದ್ದಾಳೆ ಎಂದುಕೊಂಡೆ. ನಿನ್ನ ಮೇಲೆ ಕೋಪ ಕೂಡ ಬಂತು. ತಪ್ಪು ಮಾಡಿದವಳಿಗೆ ಬರುವ ಕೋಪದಷ್ಟು ನಾಚಿಕೆಗೆಟ್ಟದ್ದು ಇನ್ನೊಂದಿಲ್ಲ.

ಇನ್ನು ಸುತ್ತಿ ಬಳಸುವುದಿಲ್ಲ. ಮೂರು ವರ್ಷದ ಹಿಂದಿನ ಆ ಶನಿವಾರ ಮಧ್ಯಾಹ್ನ ನೀನು ಕೆಳಗಿಳಿದು ಬಂದು ನನಗೆ ಬಾಗಿಲು ತೆರೆದೆ. ಇಬ್ಬರೂ ಮೇಲೆ ಹೋದೆವು. ಮಗು ಇಳಿಯದಂತೆ ಮೆಟ್ಟಿಲ ತುದಿಗೆ ಕೂರಿಸಿದ್ದ ಪುಟ್ಟ ಗೇಟನ್ನು ನೀನು ಹಾಕಿದೆ. ನಾನು ನಿನ್ನ ಹಿಂದೆಯೇ ಇದ್ದೆ, ಕ್ಲಿಕ್ ಎಂದದ್ದನ್ನು ಕಿವಿಯಾರೆ ಕೇಳಿದೆ. ಹತ್ತು ನಿಮಿಷ ಚಿನ್ಮಯಿಯನ್ನು ನೋಡಿಕೋ ಎಂದು ಹೇಳಿ ನೀನು ಸ್ನಾನಕ್ಕೆ ಹೋದೆ. ನಾನು ಟೀ ತರಲು ಕೆಳಗೆ ಹೋಗಿ ಬಂದೆ. ಕೈಯಲ್ಲಿ ಕಪ್ಪು ಇತ್ತು, ಗೇಟನ್ನು ಕಾಲಿನಿಂದ ತಳ್ಳಿದೆ. ಅದರ ಚಿಲಕ ಕೂರಲಿಲ್ಲ. ಆ ವಾರವೆಲ್ಲ ಆಫೀಸಿನಲ್ಲಿ ದುಡಿದು ಸುಸ್ತಾಗಿದ್ದೆ, ಮಗುವಿನ ಪಕ್ಕ ಕಾರ್ಪೆಟ್ಟಿನ ಮೇಲೆ ಬೆನ್ನು ಚಾಚಿದೆ, ನಿದ್ದೆ ಹೋದೆ. ನನ್ನನ್ನು ಎಬ್ಬಿಸಿದ್ದು ಅವಳು ಮೆಟ್ಟಿಲಿಂದ ಉರುಳಿದ ಸದ್ದು.

ಆಸ್ಪತ್ರೆಗೆ ಓಡಿಬಂದ ನಿನ್ನ ಗಂಡ ರುದ್ರೇಶ, ಗೇಟ್ ತೆರೆದವರು ಯಾರು ಎಂದ. ನಿನ್ನ ಒದ್ದೆ ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಬಾಯಿಂದ ಬಂದದ್ದು, "ಮೊದಲೇ ತೆಗೆದಿತ್ತು ಅನ್ಸುತ್ತೆ. ನಾನು ಒಂದೇ ಕ್ಷಣ ಫೋನ್ ನೋಡಿದೆ ಅಷ್ಟೆ." ನೀನು ನನ್ನನ್ನೇ ನೋಡಿದೆ. ಆಮೇಲೆ ನೆಲ ನೋಡಿಕೊಂಡು, "ನಾನ ಹಾಕಿಲ್ಲೇನೋ," ಎಂದೆ. ಅಷ್ಟೇ ಸಾಕಾಯಿತು. ಚಿನ್ಮಯಿಯ ತೊಡೆಯ ಮೂಳೆ ಆರು ವಾರದಲ್ಲಿ ಕೂಡಿಕೊಂಡಿತು. ಆದರೆ ಮಕ್ಕಳ ಸುರಕ್ಷತೆ ನೋಡುವ ಕೌನ್ಸಿಲ್‌ನವರು ಮನೆಗೆ ಬಂದು ಪ್ರಶ್ನೆ ಕೇಳಿ ಬರೆದುಕೊಂಡು ಹೋದರು. ವಿಜಯಪುರದಿಂದ ಬಂದ ನಿನ್ನ ಅತ್ತೆ ಬಸಲಿಂಗವ್ವ ಮೊಮ್ಮಗಳನ್ನು ನಿನ್ನೊಬ್ಬಳ ಕೈಗೆ ಕೊಡುವುದನ್ನೇ ಬಿಟ್ಟರು. ನೀನು ಕೆಲಸ ಬಿಟ್ಟೆ. ಎಲ್ಲಿ ಹೋದರೂ, ಯಾರು ಮಗುವಿನ ಗಲ್ಲ ಹಿಂಡಿದರೂ, ಕೇಳುವ ಮೊದಲೇ ಹೇಳತೊಡಗಿದೆ: "ಸಣ್ಣಾಕಿದ್ದಾಗ ಬಿದ್ದಿದ್ಲು ರೀ. ತಪ್ಪು ನಂದ. ಗೇಟ್ ಹಾಕಿರಲಿಲ್ಲ ನಾ."

ಆ ಮಾತನ್ನು ನಿನ್ನ ಪಕ್ಕ ನಿಂತು ಕೇಳಿದ್ದೇನೆ. ಎಷ್ಟು ಸಲ ಎಂದು ಕೇಳಬೇಡ. ರಾಣಿಯ ದನಿ ಸಲೀಸಾಗಿ ಬಂದದ್ದು ಅದಕ್ಕೆ. ನಾನೇ ನಿನ್ನ ಮುಖಕ್ಕೆ ರಕ್ತ ಬಳಿದು, ಅದು ಒಣಗಿದ ಮೇಲೆ ಅದರ ಬಗ್ಗೆ ಕವಿತೆ ಬರೆದು ಚಪ್ಪಾಳೆ ತೆಗೆದುಕೊಂಡೆ.

ಕಳೆದ ಭಾನುವಾರ ನಿಮ್ಮ ಮನೆಗೆ ಬಂದಿದ್ದೆ. ನೀವು ಮೂವರೂ ಪಾರ್ಕಿಗೆ ಹೋಗಿದ್ದಿರಿ. ಬಸಲಿಂಗವ್ವ ಒಬ್ಬರೇ ಮೆಂತೆ ಸೋಸುತ್ತಾ ಕೂತಿದ್ದರು. ಎದುರು ಕೂತು ಎಲ್ಲವನ್ನೂ ಹೇಳಿದೆ. ಗೇಟು, ಕಪ್ಪು, ನಿದ್ದೆ, ಸುಳ್ಳು. ಅವರು ಸೊಪ್ಪಿನಿಂದ ತಲೆ ಎತ್ತಿದರು. ಬೈಯಲಿ ಎಂದು ಕಾದೆ. "ಆಕಿನ್ನ ಉಳಸಾಕ ಬಂದೀಯೇನವಾ? ಗೆಳತಿ ಅಂದ್ರ ಹಿಂಗಿರಬೇಕು ಬಿಡು. ಆದ್ರ ಇಂಥಾ ಸುಳ್ಳ ಹೇಳಬ್ಯಾಡ, ನಾ ನಂಬಂಗಿಲ್ಲ," ಎಂದು ನನ್ನ ತಲೆ ಸವರಿ ಚಹಾ ಮಾಡಲು ಎದ್ದರು. ನನ್ನ ಸುಳ್ಳನ್ನು ನಂಬಿದ ಮನೆಯಲ್ಲಿ ನನ್ನ ನಿಜದ ಮೇಲೆ ಅನುಮಾನ! ನಾನು ಆ ಚಹಾ ಕುಡಿದು ಬಂದೆ.

ಅದಕ್ಕೇ ಈ ಪತ್ರವನ್ನು ಕೈಯಿಂದ ಬರೆದು, ಪೂರ್ತಿ ಹೆಸರಿನ ಸಹಿ ಮಾಡಿ ಕಳಿಸುತ್ತಿದ್ದೇನೆ. ಒಬ್ಬಳೇ ಓದಿಕೊಂಡು ಪೆಟ್ಟಿಗೆಯಲ್ಲಿಡಬೇಡ. ಅತ್ತೆಗೆ ಓದಿ ಹೇಳು, ರುದ್ರೇಶನಿಗೆ ಕೊಡು. ಅವರು ಮತ್ತೆ ನಂಬದಿದ್ದರೆ ಕರೆಸು, ನಿನ್ನೆದುರೇ ಮತ್ತೆ ಹೇಳುತ್ತೇನೆ. ಮುಂದಿನ ಗೋಷ್ಠಿಯಲ್ಲಿ ಮೈಕಿನ ಮುಂದೆಯೂ ಹೇಳುತ್ತೇನೆ.

ಆ ಗೆರೆ ಎಳೆದ ಸಾಲು ಯಾವುದೆಂದು ಹೇಳಲಿಲ್ಲ ಅಲ್ಲವೇ? ರಾಣಿ ಆ ಹೆಂಗಸರಿಗೆ ಹೇಳುವ ಮಾತು: ಭಯಕ್ಕೆ ಹೀಗೆ ಹೇಳುತ್ತಿದ್ದರೆ ನಿಜ ಹೇಳಿಬಿಡಿ, ನಿಮ್ಮನ್ನು ನಾನು ಕಾಯುತ್ತೇನೆ. ಅದನ್ನು ಕವಿತೆಯಿಂದ ಕೈಬಿಟ್ಟಿದ್ದೆ. ಗೆರೆ ನಿನ್ನದಾಗಿದ್ದರೂ ನನ್ನನ್ನು ಕಾಯಬೇಡ, ಅನ್ವಿತಾ. ಗೇಟನ್ನು ನೀನು ಹಾಕಿದ್ದೆ.

ಇನ್ನು ಮುಂದೆ ಯಾರಾದರೂ ಚಿನ್ಮಯಿಯ ಗಲ್ಲ ಹಿಂಡಿದರೆ ಅವಳ ಹೆಸರು, ನಾಲ್ಕು ವರ್ಷ ಎಂಬ ವಯಸ್ಸು, ಇವೆರಡೇ ನಿನ್ನ ಬಾಯಿಂದ ಬರುವಂತಾಗಲಿ.

ಅಂದು ನಿದ್ದೆ ಹೋದವಳು,
ಸೌಜನ್ಯಾ ರಾಮಪ್ರಸಾದ