ರಾಣಿಯ ಗಿಣ್ಣು

ಬೈರಮಂಗಲ
14-8-2006

ನನ್ನ ಮುದ್ದು ಅಮ್ಮ,

ನಮ್ಮ ಸೀಮೆಹಸು ರಾಣಿ ಹೆಣ್ಣುಕರು ಹಾಕಿದ್ದಾಳೆ! ಹಣೆಯ ಮೇಲೆ ಅಂಗೈಯಗಲ ಬಿಳಿ ಮಚ್ಚೆ. ನಿನ್ನ ಅಳಿಯ ತಂದಿರುವ ಡಬ್ಬಿಯಲ್ಲಿ ಗಿಣ್ಣಿದೆ, ಮೊದಲು ಅದನ್ನು ತಿಂದು ಆಮೇಲೆ ಓದು. ಆಷಾಢಕ್ಕೆ ನಾನು ಬಂದಿದ್ದಾಗ, ಗಿಣ್ಣು ತಿಂದು ಯಾವ ಕಾಲವಾಯಿತೋ ಎಂದಿದ್ದೆಯಲ್ಲ, ಮರೆತಿಲ್ಲ ನಾನು.

ಆದರೆ ನಿನ್ನೆ ರಾಣಿಯನ್ನು ಕಳೆದುಕೊಂಡೇಬಿಡುತ್ತಿದ್ದೆವು. ಬೆಳಗ್ಗೆ ಕರು ಹಾಕಿದವಳು ಮಧ್ಯಾಹ್ನ ಕುಸಿದು, ಕತ್ತು ಹೊಟ್ಟೆಯ ಕಡೆ ಹೊರಳಿಸಿ ಮಲಗಿಬಿಟ್ಟಳು. ಕಿವಿ ಮುಟ್ಟಿದರೆ ತಣ್ಣಗೆ. ಗೋಮಾಳ ಫ್ಯಾಕ್ಟರಿಗಳ ಪಾಲಾದ ಮೇಲೆ ಈ ಮನೆಯ ನಾಲ್ಕು ಹಸುಗಳಲ್ಲಿ ಉಳಿದವಳು ಅವಳೊಬ್ಬಳೇ. ಇವರು ಶಿಫ್ಟಿಗೆ ಹೋಗಿದ್ದರು. ಡಾಕ್ಟರನ್ನು ಕರೆಸೋಣವೆಂದರೆ ಅತ್ತೆ, "ಬತ್ತಾರೆ ಕಣವ್ವ, ತೊಗಲು ಸುಲಿಯೋ ಹೊತ್ಗೆ" ಎಂದರು. ಹಿಂದೊಮ್ಮೆ ಎರಡು ದಿನ ಕಾದು ಎಮ್ಮೆ ಕಳೆದುಕೊಂಡವರು. ಪಾಪ, ಒಬ್ಬ ಡಾಕ್ಟರಿಗೆ ಎಷ್ಟೊಂದು ಹಳ್ಳಿ!

ನಾನು ಬರಿಗಾಲಲ್ಲೇ ಹಾಲಿನ ಡೈರಿಗೆ ಓಡಿದೆ. ಸೆಕ್ರೆಟರಿ ಬೋರಲಿಂಗಯ್ಯನವರು ದನದ ಆಸ್ಪತ್ರೆಗೆ ಫೋನು ಹಚ್ಚಿ ನನ್ನ ಕೈಗೇ ಕೊಟ್ಟರು. ಗಾಬರಿಯಲ್ಲಿ ಇಂಗ್ಲಿಷಿನಲ್ಲಿ ಏನೇನೋ ಒದರಿದೆ. ಆ ಕಡೆಯ ಹೆಂಗಸು ಕನ್ನಡದಲ್ಲಿ, ಕಿವಿ ತಣ್ಣಗಿದೆಯೇ ಎಂದಷ್ಟೇ ಕೇಳಿ ಫೋನಿಟ್ಟರು.

ಗಂಟೆಯೊಳಗೆ ಸ್ಕೂಟರಿನಲ್ಲಿ ಬಂದವರು ಅವರೇ, ಡಾಕ್ಟರ್ ಹಫೀಜಾ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ. "ಈ ಕೂಸು ಏನ್ ಹಸ ಎಬ್ಬಿಸ್ತದೆ" ಎಂದು ಅತ್ತೆ ಗೊಣಗಿದರು. ಮೈಯ ಸುಣ್ಣದಂಶವೆಲ್ಲ ಹಾಲಿಗಿಳಿದು ಹೀಗಾಗಿದೆ ಎನ್ನುತ್ತಾ ಡಾಕ್ಟರು ಕತ್ತಿನ ನರಕ್ಕೆ ಸೂಜಿ ಹಾಕಿ, ಕ್ಯಾಲ್ಸಿಯಂ ಬಾಟಲಿ ಎತ್ತಿ ಹಿಡಿಯಲು ನನಗೆ ಕೊಟ್ಟರು. ಬಾಟಲಿ ಬರಿದಾಗುವಷ್ಟರಲ್ಲಿ ರಾಣಿ ತೇಗಿದಳು, ಸಗಣಿ ಹಾಕಿದಳು, ಸ್ವಲ್ಪ ಹೊತ್ತಿಗೆ ಎದ್ದೇ ನಿಂತಳು! ಸಗಣಿ ನೋಡಿ ಆನಂದಬಾಷ್ಪ ಸುರಿಸಿದವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ಆಮೇಲೆ ಡಾಕ್ಟರು, ಕರು ಹಾಕಿದ ದಿನವೇ ಕೆಚ್ಚಲು ಬರಿದು ಮಾಡಿದವರು ಯಾರೆಂದು ಗದರಿದರು. ಅತ್ತೆ ತಲೆ ತಗ್ಗಿಸಿ, "ನಾನೇ ಕಣವ್ವ. ವಯಸ್ಸಾಯ್ತು, ಗ್ಯಾನ ಇರ್ನಿಲ್ಲ" ಎಂದರು. ಬೈಸಿಕೊಂಡೂ ಅವರ ಸ್ಕೂಟರಿಗೆ ಎರಡು ತೆಂಗಿನಕಾಯಿ ಕಟ್ಟಿ ಕಳಿಸಿದರು. ಇವತ್ತು ಬೆಳಗ್ಗೆಯಿಂದ ಬಾಯಿ ತೆರೆದರೆ "ನಮ್ ಡಾಕ್ಟ್ರವ್ವ".

ಅಮ್ಮ, ಎಂಥ ಮನೆ ಹುಡುಕಿಕೊಟ್ಟೆ ನನಗೆ!

ಸಗಣಿ ವಾಸನೆಯ ಮುತ್ತುಗಳೊಂದಿಗೆ,
ನಿನ್ನ ಸುಚಿತ್ರಾ

ತಾ.ಕ.: ಹಾಲು ಕರೆದದ್ದು ಅತ್ತೆಯಲ್ಲ, ನಾನು. ಎರಡು ದಿನ ಪೂರ್ತಿ ಕರೆಯಬೇಡವೆಂದು ಹೇಳಿಯೇ ಅವರು ಹೊಲಕ್ಕೆ ಹೋಗಿದ್ದರು. ನಿನಗೆ ಗಿಣ್ಣು ಕಳಿಸುವ ಆಸೆಗೆ, ಕರು ಕುಡಿದು ಉಳಿದದ್ದನ್ನೆಲ್ಲ ಕೊನೆಯ ಹನಿವರೆಗೂ ಕರೆದುಬಿಟ್ಟೆ. ಒಲೆಯ ಮೇಲಿನ ಗಿಣ್ಣುಹಾಲಿನ ಪಾತ್ರೆಯನ್ನು ಅವರು ಡಾಕ್ಟರು ಬರುವ ಮೊದಲೇ ನೋಡಿದ್ದರು. ಇವತ್ತು ಡಬ್ಬಿ ಕಟ್ಟಿದವರೂ ಅವರೇ. "ನಿಮ್ಮವ್ವಂಗೆ ಇದ್ನ ಬರೀಬ್ಯಾಡ, ಗಿಣ್ಣು ಗಂಟ್ಲಲ್ಲಿ ಇಳಿಯಾಕಿಲ್ಲ" ಎಂದಿದ್ದಾರೆ. ಮೊದಲು ತಿನ್ನು ಎಂದದ್ದು ಅದಕ್ಕೇ.