ಯಾದಗಿರಿಯವರು ನೋಡಿದ ಬಿಸಿಲಿಲ್ಲದ ಲೋಕ

ಸುರಪುರ
ದಿ. 17-4-2025, ಗುರುವಾರ

ಪ್ರೀತಿಯ ತಮ್ಮ ಬಾಲರಾಜನಿಗೆ ಅಕ್ಕನ ನೂರು ಆಶೀರ್ವಾದ, ಜೊತೆಗೆ ಒಂದೆರಡು ಬೈಗುಳ.

ಹೇಗಿದ್ದೀ ತಮ್ಮಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಶೂಟಿಂಗಿನವರು ಕೊಡುವ ಆ ತಣ್ಣನೆ ಅನ್ನ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದೀಯೋ? ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವ್ವನಿಗೆ ಎಲ್ಲವೂ ಕಾಣತೊಡಗಿದೆ, ಅದರಲ್ಲೂ ನಾನು ತೊಳೆದ ಪಾತ್ರೆಯ ಜಿಡ್ಡು ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಅಪ್ಪ ಬಿಪಿ ಗುಳಿಗೆ ನುಂಗಿದೆ ಅಂತ ಹೇಳಿ ದಿಂಬಿನ ಕೆಳಗೆ ಇಡುತ್ತಾನೆ. ಬೋನಾಳದಲ್ಲಿ ನನ್ನ ಅಂಗನವಾಡಿ ನಡೆದಿದೆ, ಬಿಸಿಲಿಗೆ ಹೆದರಿ ಮಕ್ಕಳನ್ನು ಬೇಗ ಮನೆಗೆ ಬಿಡುತ್ತೇವೆ. ಕೈಯಲ್ಲಿ ಫೋನ್ ಇಟ್ಟುಕೊಂಡು ಅಕ್ಕ ಯಾಕೆ ಪತ್ರ ಬರೆಯುತ್ತಿದ್ದಾಳೆ ಅಂತ ನಗಬೇಡ. ಫೋನಿನಲ್ಲಿ ನಾನು ನಾಲ್ಕು ಮಾತು ಆಡುವುದರೊಳಗೆ ನೀನು ಶಾಟ್ ರೆಡಿ ಅಂತ ಕಟ್ ಮಾಡುತ್ತೀ. ಪತ್ರವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ನಮ್ಮ ಮನೆಯವರ, ಅದೇ ನಿನ್ನ ಸಾಬಣ್ಣ ಮಾಮಾನ, ಜೊತೆಗಾರ ಕಂಡಕ್ಟರ್ ಒಬ್ಬ ಹೈದರಾಬಾದ್ ಬಸ್ಸಿಗೆ ಹೋಗುತ್ತಾನೆ, ಅವನ ಕೈಯಲ್ಲಿ ನಾಳೆ ಇದನ್ನು ಕೊಟ್ಟು ಕಳಿಸುತ್ತಾರೆ, ಎಲ್ಲಿ ಇಸಿದುಕೊಳ್ಳಬೇಕು ಅಂತ ಅವನೇ ನಿನಗೆ ಫೋನ್ ಮಾಡುತ್ತಾನೆ.

ಮನೆಯ ಪರಿಸ್ಥಿತಿ ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ. ನೀನು ಕಡೇಚೂರಿನ ಫ್ಯಾಕ್ಟರಿ ಕೆಲಸ ಬಿಟ್ಟು, ಹೈದರಾಬಾದಿಗೆ ಸಿನಿಮಾದವರ ಗುಂಪಿನಲ್ಲಿ ನಿಲ್ಲಲು ಹೋದ ದಿನದಿಂದ ಅಪ್ಪ ನಿನ್ನ ಜೊತೆ ಮಾತು ಬಿಟ್ಟಿದ್ದಾನೆ. ನಿನ್ನ ಫೋನ್ ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಾನೆ. ಯುಗಾದಿಗೂ ನೀನು ಬರಲಿಲ್ಲ. ಅವತ್ತು ಅವ್ವ ಹೋಳಿಗೆ ಬಡಿಸುತ್ತಾ ಅತ್ತಳು, ಅಪ್ಪ ಹೋಳಿಗೆ ತಿನ್ನುತ್ತಾ ಒಂದು ಮಾತು ಅಂದ. “ಸಿನಿಮಾ ಬರ್ಲಿ, ನಾನೂ ನೋಡ್ತೀನಿ. ಪಡದಿ ಮ್ಯಾಲ ಒಂದ್ಸಲ ಅವನ ಮಾರಿ ಕಂಡ್ರ ಸಾಕು, ನಾನೇ ಫೋನ್ ಹಚ್ಚಿ ಮಾತಾಡ್ತೀನಿ. ಕಾಣ್ಲಿಲ್ಲಂದ್ರ ಸುಮ್ನ ಬಂದು ಮತ್ತ ಕಡೇಚೂರಿಗಿ ಹೋಗ್ಬೇಕು.” ಅಂದರೆ ನಿನ್ನ ಮುಖ ಕಾಣುತ್ತದೋ ಇಲ್ಲವೋ ಅನ್ನುವುದರ ಮೇಲೆ ಅಪ್ಪ-ಮಗನ ಮಾತು ನಿಂತಿತ್ತು. ನಾನು ನಿನಗೆ ಫೋನಿನಲ್ಲಿ ಕೇಳಿದಾಗ ನೀನು ಏನಂದಿ? ನೋಡಿದ ಕೂಡಲೇ ಗೊತ್ತಾಗುತ್ತದೆ ಅಕ್ಕಾ ಅಂದಿ. ಆ ಮಾತು ನಂಬಿಕೊಂಡು ನಾನು ಓಣಿಗೆಲ್ಲ ಸಾರಿದೆ ನೋಡು, ನನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯದು.

ಹೋದ ರವಿವಾರ ಒಂದು ಟಂಟಂ ಆಟೋ ಬಾಡಿಗೆ ಮಾಡಿಕೊಂಡು ಓಣಿಯ ಅರ್ಧ ಮಂದಿ ಯಾದಗಿರಿಗೆ ಹೊರಟೆವು. ಶಹಾಪುರದಲ್ಲಿ ಬಟ್ಟೆ ಅಂಗಡಿಯ ಸಂಗಣ್ಣ ಹತ್ತಿಕೊಂಡ, ಅಪ್ಪನ ಹಳೆಯ ಗೆಳೆಯ ಅಂತ ಯಾರೂ ಬೇಡ ಅನ್ನಲಿಲ್ಲ. ಅವ್ವ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಲ್ಲ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಥೇಟರಿನ ಬಾಗಿಲಲ್ಲಿ ನಿಂತವನು ತಿನ್ನುವ ಸಾಮಾನು ಒಳಗೆ ಬಿಡಲ್ಲ ಅಂದಾಗ ಗಂಟು ಅವನ ಕೈಗೇ ಕೊಟ್ಟು, ಹಸಿದರೆ ನೀನೂ ಉಣ್ಣು ಅಂದಳು. ಒಂದು ರೊಟ್ಟಿ ಮಾತ್ರ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಂದಿದ್ದಳು. ಅದು ತಿನ್ನಲಿಕ್ಕಲ್ಲ ಅಂತ ಆಮೇಲೆ ತಿಳಿಯಿತು.

ಇನ್ನು ನಿಮ್ಮ ಸಿನಿಮಾದ ವಿಷಯ. ತಮ್ಮಾ, ಆ ಕಥೆ ಬರೆದ ಮಹಾನುಭಾವ ನಮ್ಮ ಕಡೆ ಒಂದು ಬೇಸಿಗೆ ಕಳೆದಿದ್ದಾನೇನು? ಮುಂದಿನ ಯಾವುದೋ ಕಾಲವಂತೆ, ಒಬ್ಬ ಶ್ರೀಮಂತ ಸೂರ್ಯನನ್ನೇ ಖರೀದಿ ಮಾಡಿ ದೇಶದ ಮೇಲೆಲ್ಲ ಕಬ್ಬಿಣದ ಛತ್ತು ಹಾಕಿಸುತ್ತಾನಂತೆ, ಬಡವರು ಬಿಸಿಲಿಗಾಗಿ ಕ್ಯೂ ನಿಲ್ಲಬೇಕಂತೆ. ಏಪ್ರಿಲ್ ತಿಂಗಳಲ್ಲಿ ಯಾದಗಿರಿಯ ಮಂದಿಯನ್ನು ಕೂರಿಸಿ, ನಿಮಗೆ ಬಿಸಿಲು ಸಿಗದ ಕಾಲ ಬರುತ್ತದೆ ಅಂತ ಹೆದರಿಸಲು ಬಂದಿದ್ದಾರೆ. ಛತ್ತು ಮುಚ್ಚಿಕೊಂಡು ದೇಶವೆಲ್ಲ ಕತ್ತಲಾದಾಗ ಮುಂದಿನ ಬೆಂಚಿನವರು ಎದ್ದು ನಿಂತು ಸೀಟಿ ಹೊಡೆದರು. ನಮ್ಮೂರಿಗೂ ಒಂದು ಹಾಕಿಸಿ ಪುಣ್ಯ ಕಟ್ಟಿಕೋ ಅಂತ ಯಾರೋ ಕೂಗಿದ. ಕೊನೆಯಲ್ಲಿ ಹೀರೋ ಅಷ್ಟೆಲ್ಲ ಕಷ್ಟಪಟ್ಟು ಛತ್ತು ಒಡೆದು, ಬಿಸಿಲು ಧೋ ಅಂತ ಒಳಗೆ ಬಿದ್ದಾಗ, ಬಾಜೂ ಹೆಂಗಸು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು. ಜನ ಕಣ್ಣೀರು ಹಾಕಬೇಕಾದ ಜಾಗವಂತೆ ಅದು.

ಅದು ಹೋಗಲಿ. ಆ ಕತ್ತಲ ಲೋಕದಲ್ಲಿ ಗುಂಪಿನವರಿಗೆಲ್ಲ ಮುಖವಾಡ ಹಾಕಿಸಿದ್ದಾರೆ, ಅದನ್ನು ನೀನು ನನಗೆ ಯಾಕೆ ಹೇಳಲಿಲ್ಲ? ಸಾವಿರ ಮಂದಿ, ಎಲ್ಲರಿಗೂ ಅದೇ ಬೂದಿ ಬಣ್ಣದ ಗೋಣಿಯಂಥ ಅಂಗಿ, ಮೂಗು ಬಾಯಿ ಕಣ್ಣು ಒಂದೂ ಕಾಣದಂಥ ಕಬ್ಬಿಣದ ಮುಸುಕು. ನಾವು ಎಲ್ಲರೂ ಕುತ್ತಿಗೆ ಉದ್ದ ಮಾಡಿ ಕೂತಿದ್ದೇ ಬಂತು. ಅಷ್ಟರಲ್ಲಿ ಒಬ್ಬ ದೊಡ್ಡ ಮುಖವಾಡದವನು ಮೆಟ್ಟಿಲು ಇಳಿದು ಬಂದ. ಅವ್ವ ಗಬಕ್ಕನೆ ಎದ್ದು, ಅವನೇ ನನ್ನ ಮಗ, ಹೆಗಲು ನೋಡ್ರಿ ಅಂದಳು. ದೂರದ ಊರಿಂದ ಬಂದ ಮಗನನ್ನು ಹೊಸ್ತಿಲು ದಾಟಿಸುವ ಮೊದಲು ರೊಟ್ಟಿ ನಿವಾಳಿಸಿ ಒಗೆಯುವುದು ನಮ್ಮ ಮನೆಯ ಪದ್ಧತಿಯಲ್ಲವೇ, ಸೆರಗಿನ ರೊಟ್ಟಿ ತೆಗೆದು ಪಡದೆಗೆ ಮೂರು ಸುತ್ತು ನಿವಾಳಿಸಿ ಹರಿದು ಎಡಕ್ಕೊಂದು ಬಲಕ್ಕೊಂದು ಒಗೆದೇ ಬಿಟ್ಟಳು. ಒಂದು ತುಂಡು ಮುಂದಿನ ಸೀಟಿನವನ ತಲೆಗೆ ಬಿತ್ತು. ಅವನು ಜಗಳಕ್ಕೆ ಬಂದ, ನಿನ್ನ ಮಾಮಾ ಕೈಮುಗಿದು ಕೂರಿಸಿದರು. ಇಂಟರ್‌ವಲ್ ಆದ ಮೇಲೆ ಆ ಮನುಷ್ಯ ಮುಖವಾಡ ತೆಗೆದ. ಯಾರೋ ಮುಂಬಯಿ ಕಡೆಯ ನಟ, ಅವನೇ ಸೂರ್ಯನನ್ನು ಖರೀದಿ ಮಾಡಿದವನು. ಅವ್ವ ಅವನಿಗೆ ದೃಷ್ಟಿ ತೆಗೆದು ಕಾಪಾಡಿದ್ದರಿಂದಲೇ ಅವನು ಕೊನೆವರೆಗೂ ಸಾಯಲಿಲ್ಲ ಅಂತ ನಾನು ಮನೆಗೆ ಬಂದು ಹೇಳಿದ್ದಕ್ಕೆ ಅವ್ವ ಲಟ್ಟಣಿಗೆ ಹಿಡಿದು ಬಂದಳು.

ಸಿನಿಮಾ ಮುಗಿದ ಮೇಲೆ ಇನ್ನೊಂದು ಸಿನಿಮಾ ಶುರುವಾಯಿತು, ಅದು ಅಭಿಪ್ರಾಯದ್ದು. ನಮ್ಮ ಓಣಿಯ ಸಾಯಿಕುಮಾರನಿಗೆ ಈಗ ಚಾನೆಲ್ ಹುಚ್ಚು ಹಿಡಿದಿದೆ. ಬಾಗಿಲಲ್ಲಿ ಮೊಬೈಲು ಹಿಡಿದು ನಿಂತು, ಮಂದಿ ಬೆವರು ಒರೆಸಿಕೊಳ್ಳುವ ಮೊದಲೇ ಬಾಯಿಗೆ ಮೈಕು ತುರುಕುತ್ತಿದ್ದ. ಅದಕ್ಕೆ ಪಬ್ಲಿಕ್ ಟಾಕ್ ಅನ್ನುತ್ತಾರಂತೆ. ಒಬ್ಬ ಹುಡುಗ ಹಾಲಿವುಡ್ ಲೆವೆಲ್ಲು, ಮೈ ಜುಮ್ ಅಂತು ಅಂದ. ಅವನ ಹಿಂದೆ ನಿಂತವನು ಸೆಕೆಂಡ್ ಹಾಫ್ ಬಕ್ವಾಸ್, ತಲೆನೋವು ಬಂತು ಅಂದ. ಇಬ್ಬರೂ ಒಂದೇ ಬೈಕಿನಲ್ಲಿ ಹೋದರು. ಗ್ರಾಫಿಕ್ಸ್ ಮಸ್ತ್, ಕಥೆ ಫಾಲ್ತು ಅಂತ ಕಾಲೇಜಿನ ಹುಡುಗಿ ಅಂದಳು, ಕಥೆ ಇದೆ ಗ್ರಾಫಿಕ್ಸ್ ಇಲ್ಲ ಅಂತ ಅವಳ ತಂಗಿ ಅಂದಳು. ಸಂಗಣ್ಣ ಇಂಟರ್‌ವಲ್ ಆದ ಮೇಲೆ ಬಾಯಿ ತೆರೆದು ಗೊರಕೆ ಹೊಡೆದದ್ದನ್ನು ನಾನೇ ಕೇಳಿದ್ದೇನೆ. ಆದರೆ ಮೈಕಿನ ಮುಂದೆ ಎದೆ ಉಬ್ಬಿಸಿ, ನಿರ್ದೇಶಕ ಕೊನೆಯ ಭಾಗದಲ್ಲಿ ಎಡವಿದ್ದಾನೆ ಅಂತ ಎಷ್ಟು ಗಂಭೀರವಾಗಿ ಹೇಳಿದ ಅಂತೀ. ನಿನ್ನ ಮಾಮಾನದು ಬೇರೆಯೇ ತಕರಾರು. ಕಾಲ ಅಷ್ಟು ಮುಂದೆ ಹೋದರೂ ಬಡವರಿಗೆ ಒಂದು ಬಸ್ಸು ಬಿಟ್ಟಿಲ್ಲ, ಎಲ್ಲರನ್ನೂ ನಡೆಸಿಯೇ ಕೊಂದಿದ್ದಾರೆ, ಇದು ಯಾವ ಸೀಮೆಯ ಭವಿಷ್ಯ ಅಂತ ಅವರು ಟಿಕೆಟ್ ಹರಿಯುವ ದನಿಯಲ್ಲೇ ಕೇಳಿದರು. ಸಾಯಿಕುಮಾರ ಕೊನೆಗೆ ತಾನೇ ಮೈಕು ಹಿಡಿದು ಐದಕ್ಕೆ ಮೂರೂವರೆ ಸ್ಟಾರ್ ಕೊಟ್ಟ. ಎಂಟನೇ ಇಯತ್ತೆಯ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಆ ಅರ್ಧ ಸ್ಟಾರು ಎಲ್ಲಿಂದ ತಂದನೋ ದೇವರಿಗೇ ಗೊತ್ತು.

ಓಣಿಗೆ ಬಂದ ಮೇಲೂ ಬಿಡಲಿಲ್ಲ. ನಳದ ಕಟ್ಟೆಯ ಹತ್ತಿರ ಈಗ ಎರಡು ಪಾರ್ಟಿ ಆಗಿವೆ. ಸಿನಿಮಾ ಛಲೋ ಅನ್ನುವವರ ಕೊಡ ಮೊದಲು ತುಂಬಬೇಕೋ, ಕೆಟ್ಟದ್ದು ಅನ್ನುವವರ ಕೊಡವೋ ಅನ್ನುವಲ್ಲಿಗೆ ಬಂದಿದೆ. ಒಬ್ಬೊಬ್ಬರು ನಿನ್ನನ್ನು ಒಂದೊಂದು ಕಡೆ ನೋಡಿದ್ದಾರೆ. ಗುಂಡು ತಿಂದು ಮೊದಲು ಬಿದ್ದವನು ನೀನಂತೆ. ಅಲ್ಲ, ಬಾವುಟ ಹಿಡಿದವನಂತೆ. ಹೀರೋಯಿನ್ನಿಗೆ ನೀರು ಕೊಟ್ಟವನು ಅಂತ ಒಬ್ಬಾಕೆ ಆಣೆ ಮಾಡಿದಳು. ಮುಖವಾಡದೊಳಗಿನ ಮುಖ ಇವರಿಗೆಲ್ಲ ಕಂಡಿದೆ, ಎದುರುಮನೆಯವರ ಕಷ್ಟ ಮಾತ್ರ ಒಬ್ಬರಿಗೂ ಕಾಣುವುದಿಲ್ಲ. ನನಗೆ ಈ ಸಿನಿಮಾ ಮೇಲಿನ ಸಿಟ್ಟಿಗಿಂತ ನೋಡಿದವರ ಮೇಲಿನ ಸಿಟ್ಟೇ ಜಾಸ್ತಿ. ಹೊಗಳುವವರಿಗೂ ಗೊತ್ತಿಲ್ಲ, ತೆಗಳುವವರಿಗೂ ಗೊತ್ತಿಲ್ಲ, ಬಾಯಿ ಮಾತ್ರ ಇಬ್ಬರದೂ ಸುಮ್ಮನಿಲ್ಲ.

ಅಪ್ಪನ ಮಾತು ಬರೆಯಲು ಕೈ ಬರುತ್ತಿಲ್ಲ, ಅದಕ್ಕೇ ಇಷ್ಟು ಹೊತ್ತು ಊರ ಮಾತು ಬರೆದೆ. ಅವನು ಮೂರು ತಾಸೂ ಅಲುಗಾಡದೆ ಕೂತಿದ್ದ. ಇಂಟರ್‌ವಲ್‌ನಲ್ಲಿ ಚಹಾ ಬೇಡ ಅಂದ. ಹೊರಗೆ ಬಂದಾಗ ಸಾಯಿಕುಮಾರ ಮೈಕು ಚಾಚಿ, ಕಾಕಾ ಹೆಂಗಿತ್ತು ಸಿನಿಮಾ, ನಿಮ್ಮ ಮಗ ಇದ್ದಾನಲ್ಲ ಅಂದ. “ಅದರಾಗ ಮನಷ್ಯಾರೇ ಇಲ್ಲ, ಮಗ ಎಲ್ಲಿಂದ ಬರ್ಬೇಕು” ಅಂತ ಹೇಳಿ ಟಂಟಂ ಹತ್ತಿದ. ಮನೆಗೆ ಬಂದ ಮೇಲೆ ಅವ್ವನಿಗೆ, ಮಾರಿ ಕಾಣ್ಲಿಲ್ಲ, ಆಯ್ತಲ್ಲ ಅಂದನಂತೆ, ಅಷ್ಟೇ. ಕಡೇಚೂರಿನಲ್ಲಿ ನಿನ್ನ ಹಳೆಯ ಸೂಪರ್‌ವೈಜರ್‌ಗೆ ಯಾರ ಕೈಲಾದರೂ ಹೇಳಿಸಬೇಕು ಅಂತ ಅವ್ವ ಅಳುತ್ತಾ ನನ್ನ ಹತ್ತಿರ ಬಂದಳು. ನಾನು ನಿನ್ನ ಪರವಾಗಿ ವಾದ ಮಾಡುತ್ತಿದ್ದವಳು. ಈಗ ಯಾವ ಬಾಯಿಯಿಂದ ಮಾಡಲಿ? ನೀನು ಹೀರೋ ಆಗು ಅಂತ ನಾನು ಯಾವತ್ತೂ ಕೇಳಲಿಲ್ಲ, ಒಂದು ಸಲ ಮುಖ ತೋರಿಸು ಅಂದೆ. ಅದನ್ನೂ ಆ ಮಂದಿ ಕಬ್ಬಿಣದಲ್ಲಿ ಮುಚ್ಚಿಸಿದರು, ನೀನು ಮುಚ್ಚಿಸಿಕೊಂಡಿ. ನನಗೆ ನಿನ್ನ ಮೇಲೆ ಬಹಳ ಬೇಜಾರಾಗಿದೆ ಬಾಲ್ಯಾ, ಅದನ್ನು ಮುಚ್ಚಿಟ್ಟು ಬರೆಯಲಾರೆ.

ಆದರೂ ಹೇಳುತ್ತೇನೆ ಕೇಳು. ಬಸವ ಜಯಂತಿಗೆ ಒಂದು ಸಲ ಬಂದು ಹೋಗು. ಅಪ್ಪನ ಎದುರು ಕೂತು, ಬೈದರೆ ಬೈಸಿಕೊಂಡು, ಇಲ್ಲೇ ಇರುತ್ತೀಯೋ ಅಲ್ಲೇ ಇರುತ್ತೀಯೋ ನಿನ್ನ ಬಾಯಿಂದಲೇ ಹೇಳು. ಫೋನಿನಲ್ಲಿ ಆ ಮಾತು ಆಗುವುದಿಲ್ಲ. ಅವ್ವ ನಿನಗೆ ಅಂತ ಶೇಂಗಾ ಹೋಳಿಗೆ ಮಾಡಿ ಡಬ್ಬಿಯಲ್ಲಿ ಇಟ್ಟಿದ್ದಾಳೆ. ನನ್ನ ಮಕ್ಕಳು ಅದರ ಸುತ್ತ ಸುಳಿದಾಡುತ್ತಿದ್ದಾರೆ, ಎಷ್ಟು ದಿನ ಕಾಯಲಿ.

ಅವ್ವನ ಮುದ್ದು, ಮಾಮಾನ ನೆನಪು, ಮಕ್ಕಳ ನಮಸ್ಕಾರ ಎಲ್ಲ ಇದರೊಳಗಿದೆ. ತಣ್ಣೀರು ಕುಡಿದು ಬಿಸಿಲಲ್ಲಿ ತಿರುಗಬೇಡ. ದೇವರು ನಿನ್ನನ್ನು ಚೆನ್ನಾಗಿ ಇಡಲಿ.

ಇಂತಿ ನಿನ್ನ ಅಕ್ಕ,
ನಾಗಲಕ್ಷ್ಮಿ

ತಾ.ಕ.: ಪತ್ರ ಮಡಚುವಾಗ ಅಪ್ಪ ಬಂದ. ಯಾರಿಗೆ ಬರೆಯುತ್ತಿದ್ದೀ ಅಂತ ಗೊತ್ತಿದ್ದೂ ಕೇಳಿ, ಬಾಗಿಲಲ್ಲಿ ಕೂತ. ಮಂಗಳವಾರ ಅಬ್ಬೆತುಮಕೂರಿನ ಮಠಕ್ಕೆ ಅಂತ ಹೋಗಿದ್ದ, ನಿನ್ನೆಯೂ ಮಠ ಅಂದಿದ್ದ. ಮಠವೂ ಇಲ್ಲ ಮಣ್ಣೂ ಇಲ್ಲ, ಈಗ ಅವನೇ ಬಾಯಿ ಬಿಟ್ಟ, ಎರಡೂ ದಿನ ಅದೇ ಥೇಟರಿಗೆ ಹೋಗಿ ಒಬ್ಬನೇ ಕೂತು ಆ ಸಿನಿಮಾ ನೋಡಿ ಬಂದಿದ್ದಾನೆ. ರವಿವಾರವೇ ಏನೋ ಕಂಡಂತಾಗಿತ್ತಂತೆ, ಖಾತ್ರಿ ಇರಲಿಲ್ಲವಂತೆ. ಕತ್ತಲ ಲೋಕದವರು ಕಬ್ಬಿಣದ ತಗಡು ಹೊರುವ ಜಾಗ ಇದೆಯಲ್ಲ, ಅಲ್ಲಿ ಎಲ್ಲರೂ ಹೇಗೋ ಒಂದು ಎತ್ತಿಕೊಂಡು ಹೋಗುತ್ತಾರೆ. ಒಬ್ಬ ಮಾತ್ರ ಎತ್ತುವ ಮೊದಲು ತಗಡಿಗೆ ಅಂಗೈಯಿಂದ ತಟ್ಟಿ, ಆಮೇಲೆ ಬೆನ್ನು ಕೊಡುತ್ತಾನಂತೆ. ಕಾಳು ಕೆಳಗೆ ಕೂರಲಿ ಅಂತ ಚೀಲಕ್ಕೆ ತಟ್ಟುವುದು ಗಂಜ್ ಪೇಟೆಯಲ್ಲಿ ಮೂಟೆ ಹೊರುವ ಅಪ್ಪನಂಥ ಹಮಾಲರ ರೂಢಿ. ಶಾಲೆಯ ರಜೆಯಲ್ಲಿ ಅಪ್ಪನ ಜೊತೆ ಗಂಜ್ ಪೇಟೆಗೆ ಹೋಗಿ ಚೀಲ ಹೊತ್ತವನಲ್ಲದೆ ಕಬ್ಬಿಣದ ತಗಡಿಗೆ ಇನ್ಯಾರು ತಟ್ಟುತ್ತಾರೆ ತಮ್ಮಾ? ನಾನೂ ಅದೇ ಪಡದೆ ನೋಡಿದೆ, ನನಗೆ ಕಾಣಲಿಲ್ಲ.

ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. “ಮೊದ್ಲ ಎರಡೂ ಕಾಲ್ ಊರಿ ಎತ್ತತಾನ. ಕಡೀಗಿ ಬರೋದ್ರಾಗ ಎಡಗಾಲ್ ನೆಲಕ್ಕ ಊರವಲ್ಲ, ಎಳಕೊಂಡ್ ನಡ್ಯಾಕತ್ತಾನ. ಅದು ನಾಟಕ ಅಲ್ಲ. ಏನಾಗ್ಯಾದ ಕೇಳು.” ಯುಗಾದಿಗೆ ನೀನು ಯಾಕೆ ಬರಲಿಲ್ಲ ಅಂತ ನನಗೆ ಈಗ ತಿಳಿಯಿತು, ಆ ಕಾಲು ನಮ್ಮ ಕಣ್ಣಿಗೆ ಬೀಳಬಾರದು ಅಂತ. ಮಾರಿ ಕಾಣಲಿಲ್ಲವಲ್ಲ ಅಪ್ಪ, ನಿನ್ನ ಶರತ್ತು ಏನಾಯಿತು ಅಂತ ಕೇಳಿದೆ. ಅವನು ರವಿವಾರದ ಹೈದರಾಬಾದ್ ಗಾಡಿ ಎಷ್ಟಕ್ಕೆ ಅಂತ ಕೇಳಿದ. ಪತ್ರ ತಂದ ಕಂಡಕ್ಟರನ ಕೈಯಲ್ಲೇ ನಿನ್ನ ರೂಮಿನ ವಿಳಾಸ ಬರೆದು ಕಳಿಸು, ಸುಳ್ಳು ವಿಳಾಸ ಕೊಡಬೇಡ. ನಿನ್ನನ್ನು ಸ್ಟೇಷನ್ನಿಗೆ ಬರಲು ಬರೆಯಲೇ ಅಂತ ಅಪ್ಪನನ್ನು ಕೇಳಿದ್ದಕ್ಕೆ ಅವನು ಅಂದದ್ದು ಇಷ್ಟು: “ಬ್ಯಾಡ. ಆ ಕಾಲ್ ಇಟ್ಕೊಂಡು ಅಂವ ಎಲ್ಲಿಗೂ ಬರೂದ್ ಬ್ಯಾಡ. ನಾನೇ ಹುಡ್ಕೊಂಡ್ ಹೋಗ್ತೀನಿ.”